ಹತ್ತು ಗಂಟೆ ಡ್ರೈವ್ ಮಾಡಿದ್ರೂ ಟ್ರೇಲರ್ ಬ್ಯಾಟರಿ ಚಾರ್ಜ್ ಆಗಿಲ್ಲ, ಟ್ರಕ್‌ನಿಂದ ಕರೆಂಟ್ ಹೋಗ್ತಾ ಇದ್ಯಾ ಇಲ್ವಾ?

ತೀರ್ಥಹಳ್ಳಿ ಟು ಡಲ್ಲಾಸ್:

ಎಲ್ರಿಗೂ ನಮಸ್ಕಾರ. ಇಲ್ಲಿ ಯಾರಾದ್ರೂ ಟ್ರಾವೆಲ್ ಟ್ರೇಲರ್ (ಗಾಡಿ ಹಿಂದೆ ಎಳ್ಕೊಂಡು ಹೋಗೋ ಪುಟ್ಟ ಮನೆ) ಇಟ್ಕೊಂಡಿರೋರು ಇದ್ರೆ ಸ್ವಲ್ಪ ದಾರಿ ತೋರ್ಸಿ. ನಂದು ಫೋರ್ಡ್ ಎಫ್-150 ಪಿಕಪ್ ಟ್ರಕ್, ಹಿಂದೆ ಎಳೆಯೋದು 22 ಅಡಿ ಟ್ರೇಲರ್, 2012ರ ಮಾಡೆಲ್, ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಟ್ರೇಲರ್ ಮೂತಿ ಹತ್ರ ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಒಂದು ಮಾಮೂಲಿ ಲೆಡ್ ಆ್ಯಸಿಡ್ ಡೀಪ್ ಸೈಕಲ್ ಬ್ಯಾಟರಿ ಇದೆ, ಗ್ರೂಪ್ 27 ಅಂತಾರಲ್ಲ ಅದು, 90 ಆಂಪ್-ಅವರ್ ಆಸುಪಾಸು.

ಕಳೆದ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ಗೆ ಹೋಗಿದ್ವಿ. ಊರಿಂದ ಅತ್ತೆ ಬಂದಿದ್ರು, ಅವ್ರಿಗೂ ತೋರ್ಸೋಣ ಅಂತ. ಟ್ರೇಲರ್ ನಿಲ್ಸೋದು ಬಾಡಿಗೆ ಜಾಗದಲ್ಲಿ, ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಹೊರಡೋ ದಿನ ನೋಡಿದ್ರೆ ಬ್ಯಾಟರಿ 12.2 ವೋಲ್ಟ್ ತೋರಿಸ್ತಾ ಇತ್ತು. ಸರಿ, ಹೇಗೂ 550 ಮೈಲಿ ಓಡಿಸ್ತೀವಲ್ಲ, ಟ್ರಕ್‌ಗೂ ಟ್ರೇಲರ್‌ಗೂ ಜೋಡ್ಸೋ 7 ಪಿನ್ ಪ್ಲಗ್‌ನಲ್ಲಿ ಚಾರ್ಜ್ ಲೈನ್ ಇದೆ ಅಂತ ಎಲ್ರೂ ಹೇಳ್ತಾರೆ, ದಾರೀಲಿ ತುಂಬ್ಕೊಳುತ್ತೆ ಬಿಡು ಅಂತ ಹೊರಟೆ. ಬೆಳಗ್ಗೆ 4ಕ್ಕೆ ಡಲ್ಲಾಸ್ ಬಿಟ್ಟು ಫೋರ್ಟ್ ಸ್ಟಾಕ್ಟನ್, ಮ್ಯಾರಥಾನ್ ಮೇಲೆ ಹೋಗಿ ಕಾಟನ್‌ವುಡ್ ಕ್ಯಾಂಪ್‌ಗ್ರೌಂಡ್ ಸೇರೋ ಹೊತ್ತಿಗೆ ಎಂಜಿನ್ ಹತ್ತು ಗಂಟೆ ಮೇಲೇ ಓಡಿರುತ್ತೆ. ಅಲ್ಲಿ ಕರೆಂಟ್ ಹುಕಪ್ ಇಲ್ಲ, ಜನರೇಟರ್‌ಗೂ ಪರ್ಮಿಷನ್ ಇಲ್ಲ. ಪ್ಲಗ್ ಕಳಚಿ ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಹಿಡಿದ್ರೆ 12.1!! ಹತ್ತು ಗಂಟೆ ಓಡಿಸಿ ಇನ್ನೂ ಒಂದು ಪಾಯಿಂಟ್ ಕಳ್ಕೊಂಡಿದೆ.

ರಾತ್ರಿ ಎರಡೂವರೆಗೆ ಟ್ರೇಲರ್ ಬೆಚ್ಚಗಿಡೋ ಫರ್ನೇಸ್ ಸತ್ತೋಯ್ತು. ಅದು ಗ್ಯಾಸ್‌ನಲ್ಲೇ ಉರಿಯೋದು ಆದ್ರೆ ಫ್ಯಾನ್ ತಿರುಗೋಕೆ 12 ವೋಲ್ಟ್ ಬೇಕಲ್ಲ. ಅತ್ತೆ ಮಂಕಿ ಕ್ಯಾಪ್ ಹಾಕ್ಕೊಂಡು, ಎರಡು ಸ್ವೆಟರ್ ಮೇಲೆ ನನ್ ಜಾಕೆಟ್ ಹಾಕ್ಕೊಂಡು ಬೆಳಗಿನ ತನಕ ಕೂತಿದ್ರು, ಒಂದು ಮಾತೂ ಬೈಲಿಲ್ಲ, ಅದೇ ಜಾಸ್ತಿ ಕಷ್ಟ ಆಗಿದ್ದು ನಂಗೆ.

ವಾಪಸ್ ಬಂದ್ಮೇಲೆ ಎಂಜಿನ್ ಆನ್ ಮಾಡಿ ಟ್ರಕ್ ಹಿಂದಿನ ಸಾಕೆಟ್‌ನಲ್ಲಿ ಮೀಟರ್ ಇಟ್ಟು ನೋಡ್ದೆ, 13.9 ಬರ್ತಾ ಇದೆ. ಅಂದ್ರೆ ಟ್ರಕ್ ಕಡೆಯಿಂದ ಸರಿ ಇದೆ ಅಂತ ತಾನೆ? ಇಲ್ಲಿ ಒಂದು ಅಂಗಡಿಯವ್ರು ಹೊಸ ಲಿಥಿಯಂ ಬ್ಯಾಟರಿ, ಡಿಸಿ ಟು ಡಿಸಿ ಚಾರ್ಜರ್, ಲೇಬರ್ ಎಲ್ಲಾ ಸೇರ್ಸಿ ದೊಡ್ಡ ಬಿಲ್ ಎಸ್ಟಿಮೇಟ್ ಕೊಟ್ಟಿದಾರೆ. ಅಷ್ಟೆಲ್ಲ ಬೇಕಾ? ಓಡಿಸ್ತಾ ಚಾರ್ಜ್ ಆಗುತ್ತೆ ಅನ್ನೋದೇ ಸುಳ್ಳಾ?

ಫೀನಿಕ್ಸ್ ಗೌಡ:

ಸುಳ್ಳಲ್ಲ ಗುರು, ಆದ್ರೆ ನಂಬ್ಕೊಂಡು ಕೂರೋ ಅಷ್ಟು ನಿಜಾನೂ ಅಲ್ಲ. 7 ಪಿನ್‌ನಲ್ಲಿ ಬರೋದು ಹನಿ ನೀರಾವರಿ. ನಾನು ಮೊದಲ ವರ್ಷ ಇದೇ ಪಾಠ ಕಲ್ತು ಮೇಲೆ 200 ವ್ಯಾಟ್ ಸೋಲಾರ್ ಹಾಕಿಸ್ದೆ, ಒಳ್ಳೆ ಬಿಸಿಲಿದ್ರೆ ದಿನಕ್ಕೆ 50-60 ಆಂಪ್-ಅವರ್ ಆರಾಮಾಗಿ ಬರುತ್ತೆ, ನಿಂತಾಗ್ಲೂ ಬರುತ್ತೆ, ಬಾಡಿಗೆ ಜಾಗದಲ್ಲಿ ಸುಮ್ನೆ ನಿಲ್ಸಿದ್ರೂ ತುಂಬ್ಕೊಂಡಿರುತ್ತೆ. ನಿನ್ ಕೇಸ್‌ನಲ್ಲಿ ಅಸಲು ತಪ್ಪು ಏನಂದ್ರೆ 12.2ಕ್ಕೆ ಮನೆ ಬಿಟ್ಟಿದ್ದು. ಲೆಡ್ ಆ್ಯಸಿಡ್‌ನಲ್ಲಿ 12.2 ಅಂದ್ರೆ ಅರ್ಧ ಖಾಲಿ, ಫುಲ್ ಇದ್ರೆ 12.6, 12.7 ತೋರಿಸ್ಬೇಕು.

ಲೆಕ್ಕ ಹಾಕು. ಫರ್ನೇಸ್ ಫ್ಯಾನ್ 7 ಆಂಪ್ಸ್ ಎಳೆಯುತ್ತೆ, ಚಳಿಗಾಲದ ರಾತ್ರಿ 10 ಗಂಟೆಯಲ್ಲಿ ಅರ್ಧ ಹೊತ್ತು ಓಡ್ತು ಅಂದ್ರೆ 35 ಆಂಪ್-ಅವರ್. ನಿನ್ 90ರ ಬ್ಯಾಟರೀಲಿ ಹಾಳಾಗ್ದಂಗೆ ಉಪಯೋಗ್ಸೋದು ಅರ್ಧ, 45. ಅಂದ್ರೆ ಫುಲ್ ಇದ್ರೂ ಒಂದೇ ರಾತ್ರಿಯ ಬಾಳು, ಎರಡನೇ ರಾತ್ರಿ ಅತ್ತೆಗೆ ಮಂಕಿ ಕ್ಯಾಪ್ ಗ್ಯಾರಂಟಿ.

ಇನ್ನೊಂದು, ಚಳಿ ಬಿಡು, ಟ್ರೇಲರ್ ಬ್ರೇಕ್ ವಿಷ್ಯ ಯೋಚ್ನೆ ಮಾಡು. ಹಿಚ್ (ಟ್ರಕ್‌ಗೆ ಟ್ರೇಲರ್ ಜೋಡ್ಸೋ ಕೊಂಡಿ) ಕಳಚ್ಕೊಂಡು ಟ್ರೇಲರ್ ಬೇರೆ ಆಗ್ಬಿಟ್ರೆ ಆ ಬ್ರೇಕ್‌ಅವೇ ಕೇಬಲ್ ಪಿನ್ ಕಿತ್ಕೊಂಡು ಟ್ರೇಲರ್‌ನ ಎಲೆಕ್ಟ್ರಿಕ್ ಬ್ರೇಕ್ ಹಾಕ್ಬೇಕು, ಅದಕ್ಕೆ ಕರೆಂಟ್ ಕೊಡೋದು ಇದೇ ಬ್ಯಾಟರಿ. ಇದು ಸತ್ತಿದ್ರೆ ಬ್ರೇಕೂ ಇಲ್ಲ.

ಮೆಲ್ಬರ್ನ್ ಮಾರಾಯ:

ಇಲ್ಲಿ ಆಸ್ಟ್ರೇಲಿಯಾದಲ್ಲಿ ಅರ್ಧ ದೇಶವೇ ಕ್ಯಾರವಾನ್ ಎಳ್ಕೊಂಡು ತಿರುಗುವುದು ಮಾರಾಯ್ರೆ, ಹಾಗಾಗಿ ಈ ವಿಷ್ಯದಲ್ಲಿ ನಂಗೆ ಸ್ವಲ್ಪ ತಲೆ ಉಂಟು. ಗೌಡ್ರು ಹೇಳಿದ ಸೋಲಾರ್ ಒಳ್ಳೇದೇ, ಆದ್ರೆ ಕೇಳಿದ ಪ್ರಶ್ನೆ ಅದಲ್ಲವಲ್ಲ. ಓಡುವಾಗ ಯಾಕೆ ಚಾರ್ಜ್ ಆಗ್ಲಿಲ್ಲ ಅಂತ ಮೊದ್ಲು ನೋಡುವ.

ಕತೆ ಎಲ್ಲ ಇರುವುದು ವಯರಿನಲ್ಲಿ. ಟ್ರಕ್‌ನ ಎದುರಿನಿಂದ ಹಿಂದೆ ಹಿಚ್ಚಿನ ತನಕ, ಅಲ್ಲಿಂದ ನಿಮ್ಮ ಟ್ರೇಲರ್ ಬ್ಯಾಟರಿಗೆ, ಒಂದು ಕಡೆಗೇ 30 ಅಡಿ ಹಿಡಿಯಿರಿ. ಕರೆಂಟ್ ಹೋದದ್ದು ವಾಪಸ್ ಬರ್ಬೇಕಲ್ಲ, ಅರ್ಥ್ ವಯರ್ ಸೇರಿ 60 ಅಡಿ. ಅಲ್ಲಿ ಹಾಕಿರುವುದು ಸಾಧಾರಣ 12 ಗೇಜ್ ಅಥವಾ 10 ಗೇಜ್ ವಯರ್. 12 ಗೇಜ್ ಆದ್ರೆ ಅಷ್ಟು ಉದ್ದಕ್ಕೆ ಸುಮಾರು 0.095 ಓಮ್, 10 ಗೇಜ್ ಆದ್ರೆ 0.06. ಅದರ ಮೇಲೆ ಫ್ಯೂಸು, ಪ್ಲಗ್ಗಿನ ಪಿನ್ನು, ಜಾಯಿಂಟು ಎಲ್ಲ ಸ್ವಲ್ಪ ಸ್ವಲ್ಪ ತಿನ್ತದೆ. ಒಟ್ಟು 0.1 ಅಂತ ಇಟ್ಕೊಂಡ್ರೆ 10 ಆಂಪ್ಸ್ ಹೋಗುವಾಗ 1 ವೋಲ್ಟ್ ದಾರಿಯಲ್ಲೇ ಖರ್ಚು. ಎಂಜಿನ್ನಿನಿಂದ ಕರೆಂಟ್ ಮಾಡುವ ಆಲ್ಟರ್ನೇಟರ್ (ಡೈನಮೋ) 14.1 ಕೊಟ್ರೆ ಬ್ಯಾಟರಿಗೆ ಸಿಗುವುದು 13.1. ಲೆಡ್ ಆ್ಯಸಿಡ್ ಚೆಂದ ಮಾಡಿ ತುಂಬ್ಬೇಕಾದ್ರೆ 14.4 ಆಸುಪಾಸು ಬೇಕು. ಹಾಗಾಗಿ ಸ್ವಲ್ಪ ತುಂಬಿದ ಕೂಡ್ಲೆ ತಗೊಳ್ಳುವುದು ಕಡಿಮೆ ಆಗಿ 5 ಆಂಪ್ಸು, 3 ಆಂಪ್ಸು ಅಂತ ಎಳೀತಾ ಕೂರ್ತದೆ.

ಆದ್ರೂ ಹತ್ತು ಗಂಟೆಗೆ 5 ಆಂಪ್ಸ್ ಲೆಕ್ಕದಲ್ಲಿ 40-50 ಆಂಪ್-ಅವರ್ ಬರ್ಬೇಕಿತ್ತು. ನಿಮ್ಗೆ ಬಂದದ್ದು ಸೊನ್ನೆಗಿಂತ ಕಡಿಮೆ. ಅದು ಬರೇ ವಯರ್ ಸಪೂರ ಆದದ್ರಿಂದ ಆಗುವಂಥದ್ದಲ್ಲ. ಒಂದು ಪ್ರಶ್ನೆ, ಫ್ರಿಜ್ ಯಾವ ಟೈಪಿನದು, ಓಡುವಾಗ ಯಾವುದ್ರಲ್ಲಿ ಇಟ್ಟಿದ್ರಿ?

ಮುಧೋಳ ಆಟೋ ಇಲೆಕ್ಟ್ರಿಕ್:

ಸರ ನಮಸ್ಕಾರ್ರಿ. ನಾ ಮುಧೋಳದಾಗ ಆಟೋ ಇಲೆಕ್ಟ್ರಿಕ್ ಅಂಗಡಿ ಇಟ್ಕೊಂಡಾಂವ, ನಿಮ್ಮ ಟ್ರಾವೆಲ್ ಟ್ರೇಲರ್ ನಾ ಕಣ್ಣಿಲೆ ನೋಡಿಲ್ಲ, ಆದ್ರ ಬ್ಯಾಟ್ರಿ ಅಮೆರಿಕಾಕ್ಕ ಹೋದ್ರೂ ಬ್ಯಾಟ್ರೀನ ಅಲ್ರಿ. ನಮ್ಮ ಕಡೆ ಕಬ್ಬಿನ ಸೀಜನ್ ಚಾಲೂ ಆತಂದ್ರ ಟ್ರ್ಯಾಕ್ಟರ್ ಹಿಂದ ಎರಡೆರಡು ಟ್ರೈಲಿ ಹಚ್ಕೊಂಡು ಫ್ಯಾಕ್ಟರಿಗೆ ಹೊಂಟಿರ್ತಾವ, ಹುಡುಗ್ರು ಅದಕ್ಕ ಆಂಪ್ಲಿಫೈಯರು, ಎದಿ ಒಡಿಯೋವಂಥ ಸೌಂಡ್ ಬಾಕ್ಸು, ಹಿಂದಿನ ಟ್ರೈಲಿಗೆ ಲೈಟಿನ ಮಾಲಿ, ಎಲ್ಲಾ ಹಾಕಸ್ತಾರ. ಟ್ರ್ಯಾಕ್ಟರ್ ಡೈನಮೋ ಇರೂದು 36-40 ಆಂಪ್ಸ್. ಎರಡನೇ ಬ್ಯಾಟ್ರಿ ಕುಂದ್ರಿಸಿ ಕೊಡ್ರಿ ಅಂತ ಬರ್ತಾರ, ಹದಿನೈದು ದಿನಕ್ಕ ಮತ್ತ ಬರ್ತಾರ, ಅಣ್ಣಾ ಬ್ಯಾಟ್ರಿ ಚಾರ್ಜ್ ಆಗವಲ್ದು ಅಂತ. ಹತ್ತರಾಗ ಎಂಟು ಮಂದಿದು ಅರ್ಥಿಂಗ್ ಕಂಪ್ಲೇಂಟ್.

ನೀವು ಸಾಕೆಟ್ಟಿನಾಗ 13.9 ಬಂತು ಅಂದ್ರಿ. ಬರೇ ಮೀಟರ್ ಹಿಡದ್ರ ಬರೂದ ಅದು. ಮೀಟರಿಗೆ ಕರೆಂಟ್ ಬೇಕಾಗೂದ ಇಲ್ಲ, ವಾಯರಿನಾಗ ಒಂದ ಎಳಿ ಹತ್ಕೊಂಡಿದ್ರೂ 13.9 ತೋರಸ್ತೈತಿ. ಟಾಕ್ಯಾಗ ನೀರ ಐತಿ ಅಂತ ಗೊತ್ತಾತು, ನಳಾ ಬಿಟ್ರ ಎಷ್ಟು ಬರ್ತದ ಅಂತ ಗೊತ್ತಾಗಲಿಲ್ಲ. ಹಂಗಾಗಿ ಲೋಡ್ ಹಾಕಿ ನೋಡಬೇಕ್ರಿ. ಒಂದು ಹಳೆ ಹೆಡ್‌ಲೈಟ್ ಬಲ್ಬ್ ತೊಗೊರಿ, 55 ವ್ಯಾಟಿಂದು, ಎರಡು ವಾಯರ್ ಬೆಸುಗಿ ಹಾಕ್ರಿ, ಅದು ನಾಕೂವರಿ ಆಂಪ್ಸ್ ತಿಂತೈತಿ. ಅದನ್ನ ಸಾಕೆಟ್ಟಿಗೆ ಹಚ್ಚಿ, ಬಲ್ಬ್ ಉರಿಯೂವಾಗನ ಮೀಟರ್ ಹಿಡೀರಿ. 13.9 ಇದ್ದದ್ದು 13.5 ಆತಂದ್ರ ಅಡ್ಡಿಯಿಲ್ಲ, 12ಕ್ಕ ಬಿತ್ತಂದ್ರ ಕಳ್ಳ ಸಿಕ್ಕಂಗ.

ಅದಾದ ಮ್ಯಾಲೆ ಇನ್ನೊಂದು. ಟ್ರೇಲರ್ ಜೋಡಿಸಿ, ಎಂಜಿನ್ ಚಾಲೂ ಇಟ್ಟು, ಟ್ರೇಲರಿನಾಗಿನ ಲೈಟು ಫ್ಯಾನು ಎಲ್ಲಾ ಹಾಕಿ, ಮೀಟರಿನ ಒಂದು ಕಡ್ಡಿ ಟ್ರಕ್ಕಿನ ಬ್ಯಾಟ್ರಿ ಮೈನಸ್ಸಿಗೆ, ಇನ್ನೊಂದು ಕಡ್ಡಿ ಟ್ರೇಲರಿನ ಚಾಸಿಗೆ. ಕಡ್ಡಿ ಉದ್ದ ಸಾಲಂಗಿಲ್ಲ, ಒಂದು ವಾಯರ್ ಜೋಡಿಸ್ಕೊರಿ. ಎರಡೂ ಅರ್ಥಿಂಗ್, ಅಂದ್ರ ಸೊನ್ನಿ ಸನೇಕ ಇರಬೇಕು. ಅರ್ಧಾ ವೋಲ್ಟಿನ ಮ್ಯಾಲೆ ಬಂತಂದ್ರ ಅರ್ಥಿಂಗ್ ಕೆಟ್ಟೈತಿ. ಇಂಡಿಕೇಟರ್ ಹಾಕಿದ್ರ ಹಿಂದಿನ ಬ್ಯಾರೆ ಲೈಟೂ ಮಿಣಕ್ ಮಿಣಕ್ ಅಂತಾವೇನು ನೋಡ್ರಿ, ಅದೂ ಇದ ರೋಗದ ಗುರುತು.

ತೀರ್ಥಹಳ್ಳಿ ಟು ಡಲ್ಲಾಸ್:

ಮುಧೋಳದ ಅಣ್ಣ, ಕೊನೇಲಿ ಹೇಳಿದ್ರಲ್ಲ, ಮೈ ಜುಮ್ ಅಂತು. ಬಲಗಡೆ ಇಂಡಿಕೇಟರ್ ಹಾಕಿದ್ರೆ ಟ್ರೇಲರ್ ಮೇಲಿನ ಮಾರ್ಕರ್ ಲೈಟ್ ಸ್ವಲ್ಪ ಮಂಕಾಗೋದು ಮೊದ್ಲಿಂದ ಇದೆ, ಹಳೇ ಟ್ರೇಲರ್ ಅದರ ಸ್ವಭಾವ ಅಂತ ಬಿಟ್ಟಿದ್ದೆ.

ಮೆಲ್ಬರ್ನ್ ಅವ್ರೆ, ಫ್ರಿಜ್ ತ್ರೀ-ವೇ, ಅಂದ್ರೆ ಮನೆ ಕರೆಂಟ್, ಗ್ಯಾಸ್, 12 ವೋಲ್ಟ್ ಮೂರರಲ್ಲೂ ಓಡುತ್ತೆ. ಓಡ್ಸುವಾಗ ಗ್ಯಾಸ್ ಬೇಡ ಅಂತ ಹೊರಡೋ ಮುಂಚೆ ಡಿಸಿಗೆ ತಿರುಗ್ಸಿದ್ದೆ. ಅತ್ತೆ ಮಾಡಿದ ಚಟ್ನಿ, ಮೊಸರು, ಎರಡು ದಿನದ ದೋಸೆ ಹಿಟ್ಟು ಎಲ್ಲಾ ಅದ್ರಲ್ಲೇ ಇತ್ತು. ಅದೇನು ಜಾಸ್ತಿ ಎಳೆಯುತ್ತಾ?

ಮೆಲ್ಬರ್ನ್ ಮಾರಾಯ:

ಅಯ್ಯೋ ದೇವ್ರೆ. ಅದೇ ಮಾರಾಯ್ರೆ ನಿಮ್ಮ ಕಳ್ಳ. ತ್ರೀ-ವೇ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ, ಶಾಖ ಕೊಟ್ಟು ತಣ್ಣಗೆ ಮಾಡುವ ಯಂತ್ರ ಅದು, ಡಿಸಿಯಲ್ಲಿ ಇಟ್ರೆ ಒಳಗೆ ಒಂದು ಹೀಟರ್ ಕಾಯಿಲ್ ಉರೀತದೆ. 10ರಿಂದ 15 ಆಂಪ್ಸ್, ಎಷ್ಟೋ ಮಾಡೆಲ್‌ಗಳಲ್ಲಿ ನಿಲ್ಲುವುದೇ ಇಲ್ಲ, ಓಡ್ತಾನೇ ಇರ್ತದೆ. ಟ್ರಕ್ಕಿನಿಂದ ಬಂದದ್ದು ಪೂರ್ತಿ ಫ್ರಿಜ್ಜಿಗೆ ನೈವೇದ್ಯ, ಸಾಲದ್ದಕ್ಕೆ ಬ್ಯಾಟರಿಯಿಂದಲೂ ಸ್ವಲ್ಪ. ನೀವು ಪೆಟ್ರೋಲ್ ಹಾಕ್ಲಿಕ್ಕೆ, ಊಟಕ್ಕೆ ಅಂತ ಎಂಜಿನ್ ಆಫ್ ಮಾಡಿ ನಿಂತಿರ್ತೀರಿ, ಟ್ರಕ್ಕಿನ ರಿಲೇ ಚಾರ್ಜ್ ಲೈನ್ ಕಟ್ ಮಾಡ್ತದೆ, ಆಗ ಪೂರಾ 12 ಆಂಪ್ಸ್ ಟ್ರೇಲರ್ ಬ್ಯಾಟರಿಯಿಂದ್ಲೇ.

ಈಗ ಬರುವ ಹೊಸ ಟ್ರೇಲರುಗಳಲ್ಲಿ ಕಂಪ್ರೆಸರ್ ಇರುವ 12 ವೋಲ್ಟ್ ಫ್ರಿಜ್, ಅವು ಬಿಟ್ಟು ಬಿಟ್ಟು ಓಡ್ತವೆ, ಸರಾಸರಿ ತೆಗೆದ್ರೆ ಎಷ್ಟೋ ಕಡಿಮೆ.

ಫೀನಿಕ್ಸ್ ಗೌಡ:

ನಾನಂತೂ ಫ್ರಿಜ್ ಗ್ಯಾಸ್‌ನಲ್ಲಿಟ್ಟೇ ಓಡಿಸ್ತೀನಿ. ಹತ್ತು ವರ್ಷದಿಂದ ಏನೂ ಆಗಿಲ್ಲ.

ಮೆಲ್ಬರ್ನ್ ಮಾರಾಯ:

ಏನೂ ಆಗ್ಲಿಲ್ಲ ಅನ್ನುವುದು ಆಗುವ ತನಕ ಮಾತ್ರ ಗೌಡ್ರೆ. ಪೆಟ್ರೋಲ್ ಬಂಕಿಗೆ ಹೋಗುವಾಗ ಒಳಗೆ ಗ್ಯಾಸ್ ಜ್ವಾಲೆ ಉರೀತಾ ಇದ್ರೆ? ಕೆಲವು ಸುರಂಗ, ಫೆರ್ರಿಗಳಲ್ಲಿ ಸಿಲಿಂಡರ್ ಬಂದ್ ಮಾಡ್ಲೇಬೇಕು ಅಂತ ರೂಲ್ಸೇ ಉಂಟು. ನನ್ನ ಕ್ರಮ ಏನಂದ್ರೆ, ಹಿಂದಿನ ದಿನ ಮನೆ ಕರೆಂಟಿನಲ್ಲಿ ಫ್ರಿಜ್ ಪೂರ್ತಿ ತಣ್ಣಗೆ ಮಾಡಿ, ನೀರಿನ ಬಾಟಲಿ ನಾಲ್ಕು ಗಟ್ಟಿ ಮಂಜು ಮಾಡಿ ಒಳಗಿಟ್ಟು, ಓಡುವಾಗ ಆಫ್. ಬಾಗಿಲು ತೆಗೀದಿದ್ರೆ ಐದಾರು ಗಂಟೆ ಏನೂ ಆಗುವುದಿಲ್ಲ. ಮೀನಿದ್ರೂ ಹಾಳಾಗಿಲ್ಲ ನಂದು.

ಫೀನಿಕ್ಸ್ ಗೌಡ:

ಬಂಕ್‌ಗೆ ಹೋಗೋ ಮುಂಚೆ ಆಫ್ ಮಾಡ್ತೀನಪ್ಪ, ಅಷ್ಟು ಬುದ್ಧಿ ಇದೆ. ಫೀನಿಕ್ಸ್ ಬೇಸಿಗೇಲಿ ಐದಾರು ಗಂಟೆ ಫ್ರಿಜ್ ಆಫ್ ಇಟ್ಟು ನೋಡು ಬಾ, ಮೊಸರು ಹೋಗಿ ಮಜ್ಜಿಗೆ ಆಗಿರುತ್ತೆ. ಬಾಟಲಿ ಐಡಿಯಾ ಚೆನ್ನಾಗಿದೆ, ಅದನ್ನ ಕದೀತೀನಿ.

ಕಾಫಿ ಗಾಡಿ ಬೆಂಗಳೂರು:

ಮಧ್ಯದಲ್ಲಿ ತೂರ್ಕೊಳ್ತಾ ಇದೀನಿ ಸಾರಿ. ನಂದು ಸಣ್ಣ ಕಾಫಿ ಟ್ರೇಲರ್, ವೀಕೆಂಡ್ ಈವೆಂಟ್‌ಗಳಿಗೆ ಎಸ್‌ಯುವಿ ಹಿಂದೆ ಕಟ್ಕೊಂಡು ಹೋಗ್ತೀನಿ, ಲೈಟು ಗ್ರೈಂಡರು ಒಂದು ಪುಟ್ಟ ಫ್ರಿಜ್ ಅಷ್ಟೇ. ಮನೇಲಿ ಇನ್ವರ್ಟರ್‌ಗೆ ಹಾಕಿದ್ದ 150 ಆಂಪ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ಒಂದು ಸುಮ್ನೆ ಬಿದ್ದಿದೆ, ಅದನ್ನೇ ಟ್ರೇಲರ್‌ನಲ್ಲಿಟ್ಟು ಗಾಡಿಯಿಂದ ದಾರೀಲಿ ಚಾರ್ಜ್ ಮಾಡ್ಕೊಂಡ್ರೆ ಹೇಗೆ? ಈವೆಂಟ್ ಜಾಗಕ್ಕೆ ಒಂದು ಗಂಟೆ ದಾರಿ, ಟ್ರಾಫಿಕ್ ಇದ್ರೆ ಎರಡು. ಟ್ರಾಫಿಕ್ ಇದ್ದೇ ಇರುತ್ತೆ ಬಿಡಿ.

ಮುಧೋಳ ಆಟೋ ಇಲೆಕ್ಟ್ರಿಕ್:

ಬ್ಯಾಡ್ರಿ. ಆ ಬ್ಯಾಟ್ರಿ ಮನ್ಯಾಗ ಮೂಲ್ಯಾಗ ಕುಂತು ಕೆಲಸ ಮಾಡೂವಂಥದ್ದು. ಎತ್ತರ ಇರತೈತಿ, ತಲಿಮ್ಯಾಲೆ ನೀರ ಹಾಕೋ ಮುಚ್ಚಳಾ, ರಸ್ತೆ ಹಂಪ್ಸಿಗೆ ಆ್ಯಸಿಡ್ ಹೊರಗ ಉಕ್ಕತೈತಿ, ಚಾರ್ಜ್ ಆಗೂವಾಗ ಗ್ಯಾಸೂ ಬಿಡತೈತಿ, ನಿಮ್ಮ ಟ್ರೇಲರಿನಾಗ ಒಲಿ ಬ್ಯಾರೆ ಇರತೈತಿ. ಮ್ಯಾಲೆ ಅದರ ಚಾರ್ಜಿಂಗ್ ನೋಡ್ರಿ, 150ರ ಬ್ಯಾಟ್ರಿಗೆ 15 ಆಂಪ್ಸ್ ಹಿಡದ್ರೂ ತುಂಬಾಕ ಹತ್ತು ತಾಸಿನ ಮ್ಯಾಲೆ ಬೇಕು. ನಿಮ್ಮ ಎರಡು ತಾಸಿನ ಟ್ರಾಫಿಕ್ಕಿನಾಗ ಎಂಜಿನ್ ಸ್ಲೋ ಓಡ್ತಿರ್ತೈತಿ, ಆಗ ಡೈನಮೋ ಪೂರಾ ಆಂಪ್ಸ್ ಕೊಡಂಗಿಲ್ಲ. 20 ಆಂಪ್-ಅವರ್ ಬಂದ್ರ ಪುಣ್ಯಾ. ರಾತ್ರಿ ಮನ್ಯಾಗ ಕರೆಂಟಿಗೆ ಹಚ್ಚಿ ತುಂಬಸ್ಕೊಂಡು ಹೋಗ್ರಿ, ಸೀಲ್ ಇದ್ದ ಬ್ಯಾಟ್ರಿ ಹಾಕ್ರಿ. ಗಾಡಿಂದು ಬೋನಸ್ ಅನ್ಕೋರಿ.

ಏನ ಮಾಡಿದ್ರೂ ಗಾಡಿ ಬ್ಯಾಟ್ರಿಗೆ ಸೀದಾ ವಾಯರ್ ಕೊಡಬ್ಯಾಡ್ರಿ, ನಡುವ ರಿಲೇ ಇರ್ಲಿ. ಇಲ್ಲಾಂದ್ರ ನಿಂತಾಗ ನಿಮ್ಮ ಫ್ರಿಜ್ಜು ಗಾಡಿ ಬ್ಯಾಟ್ರೀನೂ ಕುಡದು, ಈವೆಂಟ್ ಮುಗದ ಮ್ಯಾಲೆ ಸೆಲ್ಫ್ ಹೊಡದ್ರ ಕಟ್ ಕಟ್ ಅಂತೈತಿ.

ಕಾಫಿ ಗಾಡಿ ಬೆಂಗಳೂರು:

ಥ್ಯಾಂಕ್ಸ್ ಅಣ್ಣ. ಕಟ್ ಕಟ್ ಈಗಾಗ್ಲೇ ಒಂದ್ಸಲ ಆಗಿದೆ, ಕಸ್ಟಮರ್ಸೇ ತಳ್ಳಿಕೊಟ್ರು.

ತೀರ್ಥಹಳ್ಳಿ ಟು ಡಲ್ಲಾಸ್:

ಅಪ್‌ಡೇಟ್. ಶನಿವಾರ ಪೂರ್ತಿ ಇದೇ ಕೆಲ್ಸ. ಡಿಸಿ ಆಂಪ್ಸ್ ಓದೋ ಕ್ಲ್ಯಾಂಪ್ ಮೀಟರ್ ಪಕ್ಕದ್ಮನೆಯವ್ರ ಹತ್ರ ಸಿಕ್ತು. ಎಲ್ಲಾ ಹಾಗ್ಹಾಗೇ ಬರೀತೀನಿ.

ಮೊದ್ಲು ಬಲ್ಬ್ ಟೆಸ್ಟ್. ಟ್ರಕ್ ಸಾಕೆಟ್‌ನಲ್ಲಿ ಬಲ್ಬ್ ಉರಿಯುವಾಗ 13.6. ಅಂದ್ರೆ ಟ್ರಕ್ ನಿರಪರಾಧಿ. ಆಮೇಲೆ ಟ್ರೇಲರ್ ಕಟ್ಟಿ, ಫ್ರಿಜ್ ಡಿಸಿಗೆ ಹಾಕಿ, ಎಂಜಿನ್ ಓಡಿಸ್ತಾ ನೋಡ್ದೆ. ಎದುರು ಟ್ರಕ್ ಬ್ಯಾಟರೀಲಿ 14.1. ಟ್ರೇಲರ್ ಬ್ಯಾಟರೀಲಿ 12.2. ಚಾರ್ಜ್ ವೈರ್‌ನಲ್ಲಿ ಹರೀತಿರೋದು 11.5 ಆಂಪ್ಸ್, ಬ್ಯಾಟರಿ ಒಳಗೆ ಹೋಗ್ತಿರೋದು ಸೊನ್ನೆ ಪಾಯಿಂಟ್ ಏನೋ, ಮೀಟರ್ ಒಂದ್ಸಲ ಪ್ಲಸ್ ಒಂದ್ಸಲ ಮೈನಸ್ ಅಂತ ಆಡ್ತಾ ಇತ್ತು. ಮೆಲ್ಬರ್ನ್ ಅವ್ರು ಹೇಳಿದ ನೈವೇದ್ಯ ಕಣ್ಣೆದುರಿಗೇ!

ಆಮೇಲೆ ಮುಧೋಳದ ಅಣ್ಣ ಹೇಳಿದ ಹಾಗೆ ಟ್ರಕ್ ಮೈನಸ್‌ನಿಂದ ಟ್ರೇಲರ್ ಚಾಸಿಗೆ ಉದ್ದದ ವೈರ್ ಎಳ್ದು ನೋಡಿದ್ರೆ 0.7 ವೋಲ್ಟ್. ಟ್ರೇಲರ್ ಮೂತಿ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. 7 ಪಿನ್ ಕೇಬಲ್ ಬಂದು ಸೇರೋ ಪುಟ್ಟ ಡಬ್ಬಿ ಪಕ್ಕದಲ್ಲಿ ಬಿಳಿ ವೈರು ಒಂದು ಸ್ಕ್ರೂನಿಂದ ಚಾಸಿಗೆ ಹಿಡ್ಸಿದಾರೆ. ಸ್ಕ್ರೂ ತಲೆ ಕಾಣ್ತಾನೇ ಇಲ್ಲ, ತುಕ್ಕು ಹೂ ಬಿಟ್ಟಿದೆ, ಕೆಳಗಡೆ ಪೇಂಟ್ ಕೆರೆದೇ ಇಲ್ಲ, ಪೇಂಟ್ ಮೇಲೇ ಲಗ್ (ವೈರ್ ತುದಿಯ ಲೋಹದ ಬಳೆ) ಕೂರ್ಸಿದಾರೆ. ಬೆರಳಲ್ಲಿ ಮುಟ್ಟಿದ್ರೆ ಲಗ್ ಗಿರ್ರ್ ಅಂತ ತಿರುಗ್ತಾ ಇತ್ತು. ಇಷ್ಟು ದಿನ ಅರ್ಧ ಕರೆಂಟು ಹಿಚ್ ಬಾಲ್ ಮೇಲಿನ ಗ್ರೀಸ್ ದಾಟ್ಕೊಂಡು ವಾಪಸ್ ಹೋಗ್ತಾ ಇತ್ತು ಅನ್ಸುತ್ತೆ.

ಸ್ಕ್ರೂ ಬಿಚ್ಚೋಕ್ ಹೋದ್ರೆ ತಲೆ ಮುರೀತು. ಪಕ್ಕದಲ್ಲೇ ಹೊಸ ತೂತು ಕೊರೆದು, ಪೇಂಟ್ ಹೊಳೆಯೋ ತನಕ ಕೆರೆದು, ಹೊಸ ಲಗ್ ಕ್ರಿಂಪ್ ಮಾಡಿ, ನಟ್ಟು ಬೋಲ್ಟು ಸ್ಟಾರ್ ವಾಷರ್ ಹಾಕಿ ಬಿಗಿದು ಮೇಲೆ ಗ್ರೀಸ್ ಬಳಿದೆ. ಪ್ಲಗ್ಗಿನ ಪಿನ್‌ಗಳು ಹಸಿರು ಹಿಡಿದಿದ್ವು, ಅದನ್ನೂ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದೆ. ಖರ್ಚು ಆರೋ ಏಳೋ ಡಾಲರ್.

ಈಗ ಫ್ರಿಜ್ ಆಫ್ ಮಾಡಿ ನೋಡಿದ್ರೆ ಬ್ಯಾಟರೀಲಿ 13.3, ಒಳಗೆ 8 ಆಂಪ್ಸ್ ಹೋಗ್ತಾ ಇದೆ. ಬ್ಯಾಟರಿ ಹತ್ರ ಅಷ್ಟು ಆಂಪ್ಸ್ ಪ್ಲಸ್‌ನಲ್ಲಿ ನೋಡಿದ್ದು ಇದೇ ಮೊದ್ಲು. ಮಾರ್ಕರ್ ಲೈಟ್ ಮಂಕಾಗೋದೂ ನಿಂತೋಯ್ತು.

ಈಗ ಹೇಳಿ, ಆ ಡಿಸಿ ಟು ಡಿಸಿ ಚಾರ್ಜರ್, ಲಿಥಿಯಂ ಇನ್ನೂ ಬೇಕಾ?

ಮೆಲ್ಬರ್ನ್ ಮಾರಾಯ:

ಲಾಯ್ಕ ಮಾಡಿದ್ರಿ! ನಿಮ್ಮ ನಂಬರೇ ಸಾಕ್ಷಿ ನೋಡಿ. ಮೊದ್ಲು 14.1ರಿಂದ 12.2ಕ್ಕೆ ಬಿದ್ದದ್ದು 1.9 ವೋಲ್ಟ್, 11.5 ಆಂಪ್ಸಿಗೆ. ಅಂದ್ರೆ ದಾರಿಯ ತಡೆ 0.165 ಓಮ್. ಈಗ 0.8 ವೋಲ್ಟ್ 8 ಆಂಪ್ಸಿಗೆ, 0.1. ಉಳಿದ 0.1 ವಯರಿನದ್ದೇ, ಅದನ್ನು ಕೆರೆದು ತೆಗೀಲಿಕ್ಕೆ ಆಗುವುದಿಲ್ಲ, ದಪ್ಪ ವಯರ್ ಹಾಕ್ಬೇಕಷ್ಟೆ.

ಡಿಸಿ ಟು ಡಿಸಿ ಚಾರ್ಜರ್ ಬೇಕಾ ಅಂದ್ರೆ, ಲೆಡ್ ಆ್ಯಸಿಡ್ ಒಂದೇ ಬ್ಯಾಟರಿ, ವರ್ಷಕ್ಕೆ ಮೂರು ನಾಲ್ಕು ಟ್ರಿಪ್ ಅಂತಾದ್ರೆ ಅವಸರ ಇಲ್ಲ. ಅದು ಮಾಡುವ ಕೆಲ್ಸ ಏನಂದ್ರೆ, ಬಂದ ವೋಲ್ಟೇಜ್ 12 ಚಿಲ್ಲರೆ ಇದ್ರೂ ಮೇಲೆ ಎತ್ತಿ ಬ್ಯಾಟರಿಗೆ ಬೇಕಾದ 14.4 ಕೊಡುವುದು. ಆದ್ರೆ ಶಕ್ತಿ ಎಲ್ಲಿಂದಲೋ ಉದುರುವುದಿಲ್ಲ ಅಲ್ಲವಾ. 18 ಆಂಪ್ಸ್ ಹೊರಗೆ ಕೊಡುವ ಚಾರ್ಜರು 12 ವೋಲ್ಟಿನಲ್ಲಿ ಒಳಗೆ ಎಳೆಯುವುದು ಹತ್ತಿರ ಹತ್ತಿರ 25 ಆಂಪ್ಸ್. ನಿಮ್ಮ ಈಗಿನ ವಯರಿನಲ್ಲಿ 25 ಆಂಪ್ಸ್ ಹೋದ್ರೆ 2.5 ವೋಲ್ಟ್ ಬಿದ್ದು 11.6 ಆಗ್ತದೆ, ಚಾರ್ಜರು ಓ ಎಂಜಿನ್ ಆಫ್ ಅಂತ ತಿಳ್ಕೊಂಡು ನಿಲ್ತದೆ, ವೋಲ್ಟೇಜ್ ಏರ್ತದೆ, ಪುನಃ ಶುರು, ಪುನಃ ಬಂದ್. ಇಲ್ಲಿ ಒಬ್ರು ಇದೇ ರೀತಿ 7 ಪಿನ್ನಿಗೇ ಚಾರ್ಜರ್ ಸಿಕ್ಕಿಸಿ, ಡಾರ್ವಿನ್ ತನಕ ಅದು ಆನ್ ಆಫ್ ಆನ್ ಆಫ್ ಆಡ್ತಾ ಹೋಗಿತ್ತಂತೆ.

ಹಾಗಾಗಿ ಹಾಕುವುದಾದ್ರೆ ಬೇರೆ ಲೈನೇ ಎಳೀಬೇಕು. ಟ್ರಕ್ ಬ್ಯಾಟರಿಯಿಂದ ದಪ್ಪದ 6 ಗೇಜ್ ವಯರ್ (ಗೇಜ್ ನಂಬರ್ ಇಳಿದಷ್ಟು ವಯರ್ ದಪ್ಪ), ಪ್ಲಸ್ಸೂ ಮೈನಸ್ಸೂ ಎರಡೂ, ಬ್ಯಾಟರಿ ಹತ್ರವೇ 40 ಆಂಪ್ಸಿನ ಫ್ಯೂಸು, ಟ್ರೇಲರ್ ಬ್ಯಾಟರಿ ಹತ್ರ ಇನ್ನೊಂದು ಫ್ಯೂಸು, ಹಿಚ್ಚಿನ ಹತ್ರ 50 ಆಂಪ್ಸಿನ ಆ್ಯಂಡರ್ಸನ್ ಪ್ಲಗ್. ಇಲ್ಲಿ ಕ್ಯಾರವಾನ್ ಇರುವ ಗಾಡಿಯ ಹಿಂದೆ ಈ ಪ್ಲಗ್ ನೇತಾಡದ್ದು ನೋಡ್ಲಿಕ್ಕೇ ಸಿಗುವುದಿಲ್ಲ. ಚಾರ್ಜರ್ ಇರ್ಬೇಕಾದ್ದು ಟ್ರೇಲರ್ ಬ್ಯಾಟರಿಯ ಹತ್ರ, ಟ್ರಕ್ ಬಾನೆಟ್ ಒಳಗಲ್ಲ. ಅಲ್ಲಿಟ್ರೆ 14.4 ಹೊರಟು ಪುನಃ ದಾರಿಯಲ್ಲೇ ಬೀಳ್ತದೆ.

ಇನ್ನು ಲಿಥಿಯಂ. ಇದ್ರಲ್ಲೊಂದು ತಮಾಷೆ ಉಂಟು. ಸಪೂರ ವಯರ್ ಇದ್ರೆ ಲಿಥಿಯಂ ಸೀದಾ ಸಿಕ್ಕಿಸಿದ್ರೂ 10-12 ಆಂಪ್ಸಿಗಿಂತ ಜಾಸ್ತಿ ಬರ್ಲಿಕ್ಕಿಲ್ಲ, ವಯರೇ ಬ್ರೇಕು ಹಾಕ್ತದೆ. ದಪ್ಪ ವಯರ್ ಹಾಕಿ ಚಾರ್ಜರ್ ಇಲ್ಲದೆ ಕೊಟ್ರೆ ಮಾತ್ರ ಅದು ಆಲ್ಟರ್ನೇಟರಿನ ಪ್ರಾಣ ಹೀರ್ತದೆ, ಹೊಟ್ಟೆ ತುಂಬುವ ತನಕ ಬೇಡ ಅನ್ನುವ ಪೈಕಿ ಅಲ್ಲ ಅದು, ಟ್ರಾಫಿಕ್ಕಿನಲ್ಲಿ ಐಡ್ಲ್‌ನಲ್ಲಿ ಇರುವಾಗ ಆಲ್ಟರ್ನೇಟರಿಗೆ ಗಾಳಿಯೂ ಸಾಲ್ದೆ ಬಿಸಿ ಆಗಿ ಸುಡ್ತದೆ. ಮತ್ತೆ ಈಗಿನ ಗಾಡಿಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್, ತನ್ನ ಬ್ಯಾಟರಿ ತುಂಬಿದ ಕೂಡ್ಲೆ ಪೆಟ್ರೋಲ್ ಉಳಿಸ್ಲಿಕ್ಕೆ ವೋಲ್ಟೇಜನ್ನು 12 ಚಿಲ್ಲರೆಗೆ ಇಳಿಸ್ತದೆ. ತುಂಬಿದ ಲಿಥಿಯಂ 13.3ರಲ್ಲಿ ಇರುವಾಗ ಟ್ರಕ್ ವೋಲ್ಟೇಜ್ ಇಳಿಸಿದ್ರೆ ಕರೆಂಟು ಉಲ್ಟಾ ಹರೀತದೆ, ಟ್ರೇಲರಿನಿಂದ ಟ್ರಕ್ಕಿಗೆ. ಅದಕ್ಕೇ ಲಿಥಿಯಂ ಹಾಕುವುದಾದ್ರೆ ಚಾರ್ಜರ್ ಕೂಡ ಬೇಕು ಅನ್ನುವುದು ನನ್ನ ಲೆಕ್ಕ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡ್ಲಿಕ್ಕಾಗುವುದಿಲ್ಲ ಅನ್ನುವುದೂ ನೆನಪಿರ್ಲಿ, ನಿಮ್ಮದು ಹೊರಗೆ ಮೂತಿಯ ಮೇಲೆ ಬೇರೆ ಕೂತದ್ದು.

ಫೀನಿಕ್ಸ್ ಗೌಡ:

ಅಂಗಡಿಯವ್ರು ಆ ಹಳೇ ಸ್ಕ್ರೂ ಮೇಲೇ ಲಿಥಿಯಂ, ಚಾರ್ಜರ್ ಎಲ್ಲಾ ಹಾಕಿ ದುಡ್ಡು ತಗೊಂಡು ಕಳಿಸ್ತಿದ್ರು ನೋಡು. ಸೋಲಾರ್ ವಿಷ್ಯದಲ್ಲಿ ಮಾತ್ರ ನಾನ್ ಬಗ್ಗಲ್ಲ. ಬಾಡಿಗೆ ಜಾಗದಲ್ಲಿ ಮೂರು ತಿಂಗಳು ನಿಂತಿರುತ್ತಲ್ಲ, ಅಲ್ಲಿ ಟ್ರಕ್ ಬಂದು ಚಾರ್ಜ್ ಮಾಡಲ್ಲ. 100 ವ್ಯಾಟ್ ಒಂದಾದ್ರೂ ಹಾಕು.

ಮುಧೋಳ ಆಟೋ ಇಲೆಕ್ಟ್ರಿಕ್:

ಸರ, ಪೇಂಟಿನ ಮ್ಯಾಲೆ ಅರ್ಥಿಂಗ್ ಕೊಡೂ ಮಂದಿ ನಮ್ಮ ಮುಧೋಳದಾಗ ಅಷ್ಟ ಅದಾರ ಅಂತ ತಿಳದಿದ್ದೆ, ಅಮೆರಿಕಾದಾಗೂ ಅದಾರಲ್ರಿ, ಸಮಾಧಾನ ಆತು. ಒಂದು ಮಾತು, 8 ಆಂಪ್ಸ್ ಅಂತ ಹಿಗ್ಗಬ್ಯಾಡ್ರಿ, ಬ್ಯಾಟ್ರಿ ತುಂಬಿಕೋತ ಹೋದಂಗ ಅದು ಇಳೀತೈತಿ, ಕಡೀಕ ಒಂದು ಪಾಲು ತುಂಬಾಕ ಐದಾರು ತಾಸು ತಿಂತೈತಿ. ಆ ಬ್ಯಾಟ್ರಿನೂ ಬಹಳ ದಿನ ಅರ್ಧಾ ಹೊಟ್ಟಿಲೆ ಇತ್ತಲ್ಲ, ಒಳಗ ಸಲ್ಫೇಟ್ ಹಿಡದಿರಬೇಕು. ನೀರ ನೋಡ್ರಿ, ಕಡಿಮಿ ಇದ್ರ ಡಿಸ್ಟಿಲ್ಡ್ ವಾಟರ್ ಹಾಕ್ರಿ, ಮನಿ ಚಾರ್ಜರಿಗೆ ಒಂದು ಹಗಲು ಒಂದು ರಾತ್ರಿ ಹಚ್ರಿ. ಮರುದಿನ ಕಳಚಿ ಇಟ್ಟು ನಾಕು ತಾಸಿನ ಮ್ಯಾಲೆ 12.6 ನಿಂತಿದ್ರ ಇನ್ನೊಂದು ವರ್ಷ ಓಡತೈತಿ. 12.3ಕ್ಕ ಇಳದ್ರ ಹೊಸಾದ ತೊಗೊರಿ.

ತೀರ್ಥಹಳ್ಳಿ ಟು ಡಲ್ಲಾಸ್:

ಮಾಡ್ದೆ ಅಣ್ಣ. ಮೂರು ಸೆಲ್‌ನಲ್ಲಿ ಪ್ಲೇಟೇ ಹೊರಗೆ ಕಾಣ್ತಾ ಇತ್ತು, ಅದರ ಮೇಲೆ ನೀರೇ ಇರ್ಲಿಲ್ಲ. ನೀರು ಹಾಕಿ ಚಾರ್ಜ್‌ಗೆ ಇಟ್ಟು ಇವತ್ತು ಬೆಳಗ್ಗೆ ನೋಡಿದ್ರೆ 12.5. ಮಧ್ಯದಲ್ಲಿ ನಿಂತಿದೆ, ನಿಮ್ ಲೆಕ್ಕದಲ್ಲಿ ಪಾಸಾ ಫೇಲಾ ಗೊತ್ತಾಗ್ತಿಲ್ಲ. ಸದ್ಯಕ್ಕೆ ಅದನ್ನೇ ಇಟ್ಕೊಳ್ತೀನಿ, ಗೌಡ್ರ ಮಾತಿಗೆ 100 ವ್ಯಾಟ್ ಪ್ಯಾನೆಲ್ ಆರ್ಡರ್ ಮಾಡಿದೀನಿ, ಫ್ರಿಜ್ ಆಫ್, ಬಾಟಲಿ ಐಸ್. ಅಂಗಡಿಯವ್ರಿಗೆ ಬೇಡ ಅಂತ ಫೋನ್ ಮಾಡ್ದೆ.

ಅತ್ತೆಗೆ ವಿಡಿಯೋ ಕಾಲ್‌ನಲ್ಲಿ ಆ ತುಕ್ಕು ಹಿಡಿದ ಸ್ಕ್ರೂ ತೋರಿಸ್ದೆ. ಇಷ್ಟು ಪುಟ್ಟದಕ್ಕಾ ಅಂದ್ರು. ಆಮೇಲೆ, ಮುಂದಿನ ಸಲ ಬರುವಾಗ ಊರಿಂದ ಕಂಬಳಿ ತರ್ತೀನಿ ಬಿಡಪ್ಪ ಅಂದ್ರು.